ಗಣಕಯಂತ್ರವೂ ದಿನಾಂಕದ ಮರ್ಯಾದೆಯೂ

ಕುಷ್ಟಗಿಯಲ್ಲಿ ಗಡಿಯಾರವು ಮಧ್ಯಾಹ್ನದ ಹನ್ನೆರಡನ್ನು ತೋರಿಸುವಾಗ ಸೂರ್ಯನು ಇನ್ನೂ ನೆತ್ತಿಗೆ ಬಂದಿರುವುದಿಲ್ಲ. 1906ರ ಜನವರಿ 1ರಿಂದ ಬಳಕೆಗೆ ಬಂದ ಭಾರತೀಯ ಪ್ರಮಾಣಕಾಲವು 82 ಅಂಶ 30 ಕಲೆಯ ಪೂರ್ವರೇಖಾಂಶಕ್ಕೆ ಸಲ್ಲುವಂಥದು. ಕುಷ್ಟಗಿಯಾದರೋ ಅದಕ್ಕೆ ಆರು ಅಂಶಗಳಿಗೂ ಮಿಗಿಲಾಗಿ ಪಶ್ಚಿಮದಲ್ಲಿದೆ. ಅಂಶಕ್ಕೆ ನಾಲ್ಕು ನಿಮಿಷದಂತೆ ಎಣಿಸಿದರೆ ಅಂತರವು ಸುಮಾರು 25 ನಿಮಿಷ, ಅರ್ಥಾತ್ ಒಂದು ಘಳಿಗೆಗಿಂತ ತುಸು ಹೆಚ್ಚು. ಈ ವ್ಯತ್ಯಾಸವನ್ನು ಪಂಚಾಂಗಕರ್ತರು ದೇಶಾಂತರ ಸಂಸ್ಕಾರವೆಂಬ ಹೆಸರಿನಿಂದ ಸರಿಪಡಿಸುತ್ತ ಬಂದಿದ್ದಾರೆ. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವ ಇಂದಿನ ತರುಣರನ್ನು ಕಾಡುವ ಕಾಲವಲಯದ ತೊಡಕು ಇದರ ಒಡಹುಟ್ಟೇ ಆಗಿದೆ.

ಬಹುಪಾಲು ಗಣಕಯಂತ್ರಗಳು 1970ರ ಜನವರಿ 1ರ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ ಸಂದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಅರಿಯುತ್ತವೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವೊಂದರ ಜನ್ಮದಿನಾಂಕ ಜೂನ್ 2 ಎಂದಿರಲಿ. ಕ್ರಮವಿಧಿಯು ಅದನ್ನು ಜೂನ್ 2 ಮೊದಲಾಗುವ ಮಧ್ಯರಾತ್ರಿಯ ಕ್ಷಣವೆಂದು ಭಾವಿಸಿ ವಿಶ್ವಕಾಲಕ್ಕೆ ಪರಿವರ್ತಿಸಿದರೆ ಅದು ಜೂನ್ 1ರ ಸಂಜೆ ಆರೂವರೆಯಾಗುತ್ತದೆ. ಬಳಿಕ ಗಂಟೆಯನ್ನು ಕತ್ತರಿಸಿ ದಿನಾಂಕವನ್ನಷ್ಟೇ ಅಚ್ಚುಹಾಕಿದರೆ ಮಗು ಒಂದು ದಿನ ಮುಂಚೆಯೇ ಹುಟ್ಟಿದಂತಾಯಿತು! ಒಂದನೆಯ ತರಗತಿಯ ಪ್ರವೇಶಕ್ಕೆ ಜೂನ್ 1ರ ವಯಸ್ಸನ್ನು ಎಣಿಸುವ ರಾಜ್ಯದಲ್ಲಿ ಇದು ಕ್ಷುಲ್ಲಕವಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜನ್ಮದಿನಾಂಕವಂತೂ ನೌಕರಿಯಿಂದ ನಿವೃತ್ತಿಯವರೆಗೂ ಬೆನ್ನುಬಿಡದು. ಒಂದು ದಿನದ ಭೇದವನ್ನು ಅಳಿಸಲು ಬಡ ರೈತನ ಮಗ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು!

ಎಲ್ಲವನ್ನೂ ವಿಶ್ವಕಾಲಕ್ಕೆ ಪರಿವರ್ತಿಸಿಟ್ಟರೆ ತೊಡಕೇ ಇಲ್ಲವೆಂಬ ಮಾತು ಆ ವೃತ್ತಿಯವರಲ್ಲಿ ಪ್ರಚಲಿತವಾಗಿದೆ. ಅದು ಅರ್ಧಸತ್ಯ. ಕ್ಷಣ ಬೇರೆ, ದಿನ ಬೇರೆ. ತಿಥಿಯು ಮುಗಿಯುವುದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ. ಸೂರ್ಯೋದಯವಾದರೋ ಊರೂರಿಗೆ ಬೇರೆ. ಭಾರತದಲ್ಲಿ ಚಳಿಗಾಲದ ಭಾನುವಾರ ಬೆಳಗಿನ ಐದಕ್ಕೆ ಏಕಾದಶಿ ತೊಡಗಿದರೆ, ಕ್ಯಾಲಿಫೋರ್ನಿಯದ ಕನ್ನಡ ಕುಟುಂಬಕ್ಕೆ ಅದು ಶನಿವಾರ ಅಪರಾಹ್ನ ಮೂರೂವರೆ. ಇಲ್ಲಿಯ ಪಂಚಾಂಗದ ವಾರವನ್ನೇ ಅಲ್ಲಿ ನೆಚ್ಚಲಾಗದು. ಕ್ಷಣವನ್ನು ಪರಿವರ್ತಿಸಿ, ಆ ಊರಿನ ಸೂರ್ಯೋದಯಕ್ಕೆ ಹೊಂದಿಸಿ ದಿನವನ್ನು ನಿರ್ಣಯಿಸಬೇಕು. ಜನ್ಮದಿನಾಂಕಕ್ಕೆ ಮಾತ್ರ ಈ ಪರಿವರ್ತನೆ ಸಲ್ಲದು. ಕುಷ್ಟಗಿಯಲ್ಲಿ ಹುಟ್ಟಿದವನು ಅಮೆರಿಕಕ್ಕೆ ಹೋದ ಮಾತ್ರಕ್ಕೆ ಹುಟ್ಟುಹಬ್ಬದ ತಾರೀಖು ಬದಲಾಗುವುದಿಲ್ಲವಷ್ಟೆ.

ಆದುದರಿಂದ ಪರೀಕ್ಷೆ ಆರಂಭವಾಗುವ ಹೊತ್ತು, ಹಣ ಸಂದಾಯವಾದ ಹೊತ್ತು ಇಂಥವನ್ನು ವಿಶ್ವಕಾಲದಲ್ಲಿರಿಸಿ ಓದುಗನ ಊರಿನ ಕಾಲದಲ್ಲಿ ತೋರಿಸುವುದು ಯುಕ್ತ. ಜನ್ಮದಿನಾಂಕವನ್ನೋ ವರ್ಷ, ತಿಂಗಳು, ದಿನ ಎಂಬ ಮೂರು ಅಂಕಗಳಾಗಿಯೇ, ಗಂಟೆಯ ಸೋಂಕಿಲ್ಲದೆ ಇರಿಸತಕ್ಕದ್ದು. ಹಳೆಯ ಕಾಲದ ಲೆಕ್ಕಕ್ಕೆ ಐದೂವರೆ ಎಂಬ ಅಂಕೆಯೊಂದನ್ನೇ ಬರೆದಿಟ್ಟರೂ ಸಾಲದು. ಮಹಾಯುದ್ಧದ ನಿಮಿತ್ತ 1942ರಿಂದ 1945ರವರೆಗೆ ಬ್ರಿಟಿಷ್ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಇಂಥ ಇತಿಹಾಸವನ್ನೊಳಗೊಂಡ ಕಾಲವಲಯದ ಪಟ್ಟಿಯಲ್ಲಿ ಭಾರತಕ್ಕೆ 'ಏಷ್ಯಾ/ಕೋಲ್ಕತಾ' ಎಂಬ ಹೆಸರಿದೆ. ಅಂಕೆಗಿಂತ ಆ ಹೆಸರನ್ನು ಬಳಸುವುದು ಲೇಸು.

ಶಾಲೆಗಳ ದಾಖಲೆಗಳೆಲ್ಲ ಗಣಕಯಂತ್ರಕ್ಕೆ ಏರುತ್ತಿರುವ ಈ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಬಹುದು. ಯಂತ್ರದ ಕಾಲವಲಯವನ್ನು ಒಮ್ಮೆ ಲಂಡನ್ನಿಗೂ ಒಮ್ಮೆ ನ್ಯೂಯಾರ್ಕಿಗೂ ಬದಲಿಸಿ ಒಂದೇ ವಿದ್ಯಾರ್ಥಿಯ ಜನ್ಮದಿನಾಂಕವನ್ನು ತೆರೆಯಿಸಿ ನೋಡುವುದು. ದಿನಾಂಕ ಕದಲಿದರೆ ಆ ಕ್ರಮವಿಧಿಯನ್ನು ತಿದ್ದುವವರೆಗೆ ಹಳೆಯ ಪುಸ್ತಕವನ್ನು ಕಪಾಟಿಗೆ ಸೇರಿಸತಕ್ಕದ್ದಲ್ಲ.