ಗೃಹವಿಚಾರ: ಹಾಲಿನ ಲೆಕ್ಕ

ಐವತ್ತು ಕಳೆದ ಮೇಲೆ ನಾವು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದನ್ನು ಕಲಿಯತೊಡಗಿದೆವೆಂದರೆ ವಾಚಕರು ನಕ್ಕಾರು. ಪ್ರೋಗ್ರಾಮೆಂದರೆ, ಯಂತ್ರವು ಮಾಡಬೇಕಾದ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ವಿಧಿಸಿ ಬರೆದ ಆಜ್ಞಾಪತ್ರವಲ್ಲದೆ ಬೇರೇನೂ ಅಲ್ಲ. 1991ರಲ್ಲಿ ಹೊರಬಂದ ‘ಪೈಥಾನ್’ ಎಂಬ ಭಾಷೆಯು ಹೊಸಬರಿಗೆ ಸುಲಭವೆಂದು ಕೇಳಿ ಅದನ್ನೇ ಆರಿಸಿಕೊಂಡೆವು. ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿರುವ ನಮ್ಮ ಮನೆಗೆ ದಿನವೂ ಬರುವ ಹಾಲಿನ ಲೆಕ್ಕವನ್ನಿಡುವುದೇ ನಮ್ಮ ಮೊದಲ ಪ್ರಯತ್ನ.

ಮೊದಲ ಪ್ರಮಾದವು ಊರ ಹೆಸರಿನಲ್ಲಿಯೇ ಆಯಿತು. ತಿಂಗಳ ಚೀಟಿಯ ತಲೆಯಲ್ಲಿ ಹೆಸರಿಗೆ ಆರು ಸ್ಥಳಗಳನ್ನು ಕೊಟ್ಟು, ಮಿಕ್ಕುದನ್ನು ಕತ್ತರಿಸುವಂತೆ ವಿಧಿಸಿದ್ದೆವು. ‘ಧರ್ಮಪುರ’ಕ್ಕೆ ನಾಲ್ಕೇ ಅಕ್ಷರಗಳಲ್ಲವೇ? ಆದರೆ ಚೀಟಿಯಲ್ಲಿ ‘ಧರ್ಮಪು’ ಎಂದಷ್ಟೇ ಬಂದಿತು. ಯಂತ್ರವು ಧ, ರ, ಒತ್ತಕ್ಷರವನ್ನು ಕೂಡಿಸುವ ಚಿಹ್ನೆ, ಮ, ಪ, ಕೊಂಬು, ರ ಎಂದು ಏಳನ್ನು ಎಣಿಸಿತ್ತು. ನಮ್ಮ ಕಣ್ಣಿನ ಎಣಿಕೆಯೇ ಯಂತ್ರದ ಎಣಿಕೆಯೂ ಆಗಿರಬೇಕೆಂದು ಭಾವಿಸಿದ್ದು ನಮ್ಮ ತಪ್ಪು.

ಎರಡನೆಯ ಪ್ರಮಾದವು ನಗುವಂತಹುದಲ್ಲ. ಒಂದೂವರೆ ಲೀಟರನ್ನು 1.5 ಎಂದು ಬರೆದ ದಿನ ಯಂತ್ರವು ತಪ್ಪೆಂದು ಹೇಳಿ ನಿಂತುಬಿಟ್ಟಿತು. ಪೂರ್ಣಾಂಕವನ್ನಲ್ಲದೆ ಬೇರೆಯದನ್ನು ಸ್ವೀಕರಿಸಬಾರದೆಂದು ನಾವೇ ವಿಧಿಸಿದ್ದುದು ಇದಕ್ಕೆ ಕಾರಣ. ಆ ಎಚ್ಚರಿಕೆಯ ಅರ್ಥವನ್ನು ವಿಚಾರಿಸದೆ, ಅದರ ಬಾಯಿ ಮುಚ್ಚಿದರೆ ಸಾಕೆಂದು ಇನ್ನೊಂದು ಆಜ್ಞೆಯನ್ನು ಸೇರಿಸಿದೆವು. ಯಂತ್ರವು ಸುಮ್ಮನಾಯಿತು. ನಾವು ಹಿಗ್ಗಿದೆವು, ಇನ್ನು ಹಾಲಿನ ಗೆರೆಗಳನ್ನೆಳೆಯುವ ಗೋಡೆಗೆ ಸುಣ್ಣ ಹೊಡೆಸಬಹುದೆಂದು ಮನೆಯವರಿಗೆ ಹೇಳಿಯೂಬಿಟ್ಟೆವು.

ತಿಂಗಳ ಕೊನೆಗೆ ಚೀಟಿಯು 30 ಲೀಟರೆಂದಿತು. ಹಾಲಿನಾಕೆ 33 ಎಂದಳು. ನಾವು ಚೀಟಿಯನ್ನು ಮುಂದೆ ಹಿಡಿದು, “ಯಂತ್ರವು ತಪ್ಪುವುದುಂಟೇನಮ್ಮಾ?” ಎಂದೆವು. ಆಕೆ ವಾದಿಸಲಿಲ್ಲ. “ಗೋಡೆ ಎಣಿಸಿ ನೋಡಿ, ಸ್ವಾಮಿ” ಎಂದಷ್ಟೇ ಹೇಳಿ ನಿಂತಳು.

ಅರ್ಧ ಲೀಟರಿಗೊಂದರಂತೆ ಅಲ್ಲಿ 66 ಗೆರೆಗಳಿದ್ದವು. ನೆಂಟರಿದ್ದ ಆರು ದಿನ ಒಂದೂವರೆ ಲೀಟರು, ಉಳಿದ 24 ದಿನ ಒಂದೊಂದು ಲೀಟರು. ಆಕೆಯ ಲೆಕ್ಕವೇ ಸರಿ. ನಾವು ಸೇರಿಸಿದ ಆಜ್ಞೆಯು ಆರು ಅರ್ಧಗಳನ್ನು ಸದ್ದಿಲ್ಲದೆ ಉದುರಿಸಿಬಿಟ್ಟಿತ್ತು. ಲೀಟರಿಗೆ 50 ರೂಪಾಯಿಯಂತೆ 150 ರೂಪಾಯಿ! ನಸುಕಿನಲ್ಲೆದ್ದು ದುಡಿಯುವವಳ ಹಣವನ್ನು ಅಪಹರಿಸಿ, ಮೇಲೆ ಆಕೆಯ ಮಾತನ್ನೂ ಶಂಕಿಸಿದಂತಾಯಿತು. ಗೋಡೆಗೆ ಸುಣ್ಣ ಬಿದ್ದಿದ್ದರೆ ಆಕೆಗೆ ಸಾಕ್ಷಿಯಾದರೂ ಯಾವುದಿರುತ್ತಿತ್ತು? ಹಣವನ್ನು ಕೊಟ್ಟು ಕ್ಷಮೆ ಬೇಡಿದೆವು.

ತಿದ್ದುಪಾಟಿನ ಮಾರ್ಗವೂ ಆ ಗೋಡೆಯ ಮೇಲೆಯೇ ಇದ್ದಿತು. ಎಲ್ಲಕ್ಕಿಂತ ಚಿಕ್ಕ ಅಳತೆಯನ್ನೇ ಒಂದೆಂದು ಹಿಡಿದರೆ ಲೆಕ್ಕದಲ್ಲಿ ಅರ್ಧವೆಂಬುದೇ ಬರಲಾರದು. ಈಗ ನಮ್ಮ ಪ್ರೋಗ್ರಾಮು ಹಾಲನ್ನು ಅರ್ಧ ಲೀಟರುಗಳಲ್ಲಿಯೂ ಹಣವನ್ನು ಪೈಸೆಗಳಲ್ಲಿಯೂ ಎಣಿಸುತ್ತದೆ. ಹಣಕ್ಕೆ ಇದು ಇನ್ನೂ ಅವಶ್ಯ. ಯಂತ್ರವು ಅಂಕಿಗಳನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ದಶಮಾಂಶಗಳು ಅನೇಕ ವೇಳೆ ಸರಿಯಾಗಿ ಕೂರುವುದಿಲ್ಲ, 0.1ಕ್ಕೆ 0.2ನ್ನು ಕೂಡಿಸಿದರೆ ಪೈಥಾನು 0.30000000000000004 ಎನ್ನುವುದು.

ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುವ ಮಕ್ಕಳಿರುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟೇ: ಮೊದಲ ಪ್ರೋಗ್ರಾಮು ಚಿಕ್ಕದಾಗಿರಲಿ, ಯಂತ್ರವು ತಪ್ಪೆಂದು ಹೇಳಿದಾಗ ಅದರ ಬಾಯಿ ಮುಚ್ಚಿಸದೆ ಕಾರಣವನ್ನು ಹುಡುಕಲಿ, ಒಂದು ತಿಂಗಳಾದರೂ ಕೈಲೆಕ್ಕದೊಡನೆ ತಾಳೆ ನೋಡಲಿ. ಆ ಲೆಕ್ಕದಿಂದ ಯಾರ ಹಣವು ತೀರ್ಮಾನವಾಗುವುದೋ ಅವರನ್ನು ಮೊದಲೇ ಕೇಳಲಿ.

ನಮ್ಮ ಗೋಡೆಗೆ ಇನ್ನೂ ಸುಣ್ಣ ಹೊಡೆಸಿಲ್ಲ. ದಿನವೂ ಗೆರೆಯನ್ನೆಳೆದ ಮೇಲೆಯೇ ಯಂತ್ರದ ಮುಂದೆ ಕೂರುತ್ತೇವೆ.