ಒಂದು ಹನಿ ರಕ್ತದ ಸಾಕ್ಷ್ಯ

ಒತ್ತಡದ ಹಾರ್ಮೋನೆಂದೇ ಹೆಸರಾದ ಕಾರ್ಟಿಸಾಲ್ ಪ್ರಮಾಣವನ್ನು ಮನೆಯಲ್ಲೇ ಬೆರಳು ಚುಚ್ಚಿ ತಿಳಿಯುವ ಕಿಟ್‌ಗಳು ಬಂದಿವೆ. ರಾತ್ರಿಪಾಳಿಯಲ್ಲಿ ದುಡಿಯುವ ನನ್ನ ಸೋದರಳಿಯ ಸಂಜೆ ಎದ್ದೊಡನೆ ಪರೀಕ್ಷಿಸಿಕೊಂಡು, ಅಂಕಿ ಹೆಚ್ಚಿದೆಯೆಂದು ಕಂಗಾಲಾದ.

ಕಾರ್ಟಿಸಾಲ್ ಸಾಮಾನ್ಯವಾಗಿ ಬೆಳಿಗ್ಗೆ ಗರಿಷ್ಠ ಮಟ್ಟಕ್ಕೇರಿ ನಡುರಾತ್ರಿಯ ವೇಳೆಗೆ ಕನಿಷ್ಠಕ್ಕಿಳಿಯುತ್ತದೆ. ಹಗಲು ನಿದ್ರಿಸುವವರಲ್ಲಿ ಈ ಲಯವೇ ಏರುಪೇರಾಗಬಹುದು. ಈಸ್ಟ್ರೋಜನ್ ಉಳ್ಳ ಗರ್ಭನಿರೋಧಕ ಮಾತ್ರೆಯೂ ರಕ್ತದಲ್ಲಿನ ಅಂಕಿಯನ್ನು ಏರಿಸಬಲ್ಲದು. ಕುಷಿಂಗ್ ಕಾಯಿಲೆಯನ್ನು ಶಂಕಿಸುವ ವೈದ್ಯರು ಕೂಡ 24 ಗಂಟೆಗಳ ಮೂತ್ರ, ತಡರಾತ್ರಿಯ ಜೊಲ್ಲು ಮುಂತಾದ ಪರೀಕ್ಷೆಗಳಿಲ್ಲದೆ ತೀರ್ಮಾನಕ್ಕೆ ಬರುವುದಿಲ್ಲ.

ಹೀಗಿರುವಾಗ ಒಂದು ಹನಿ ರಕ್ತವನ್ನು ಬದುಕಿನ ಒತ್ತಡದ ಅಳತೆಗೋಲೆಂದು ಮಾರುವುದು ಸರಿಯಲ್ಲ. ಈ ಮಿತಿಯನ್ನು ಕಿಟ್‌ನ ಮೇಲೆಯೇ ಮುದ್ರಿಸುವುದು ಕಡ್ಡಾಯವಾಗಬೇಕು. ಸೋದರಳಿಯನಿಗೆ ಬೇಕಿದ್ದುದು ಇನ್ನೊಂದು ಕಿಟ್ ಅಲ್ಲ. ವೈದ್ಯರೊಡನೆ ನಾಲ್ಕು ಮಾತು, ನೆಮ್ಮದಿಯ ನಿದ್ದೆ.