ಹೊಣೆಯಿಲ್ಲದೆ ನಾಯಕತ್ವವಿಲ್ಲ

ಈಗಿನ ಕಾಲದಲ್ಲಿ ನಾಯಕತ್ವವೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಶಾಲೆಗಳ ವಾರ್ಷಿಕ ವರದಿಗಳಲ್ಲಿಯೂ ಬಹುಮಾನ ವಿತರಣೆಯ ದಿನದ ಭಾಷಣಗಳಲ್ಲಿಯೂ ಕಾಲೇಜುಗಳ ಪ್ರವೇಶಪತ್ರಗಳಲ್ಲಿಯೂ ಅದಕ್ಕೆ ಮೊದಲನೆಯ ಮಣೆ ದೊರೆತಿದೆ. ನಮ್ಮ ಹೆಣ್ಣುಮಕ್ಕಳು ನಾಯಕಿಯರಾಗಬೇಕೆಂದು ಎಲ್ಲರೂ ಹೇಳುತ್ತಾರೆ. ಅದು ಸಂತೋಷದ ಸಂಗತಿಯೇ. ಆದರೆ ಆ ಗುಣವು ಮನುಷ್ಯನಲ್ಲಿ ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸುವವರು ಬಹು ಕಡಿಮೆ. ಎರಡು ದಿನಗಳ ಶಿಬಿರವನ್ನು ಕೂಡಿಸಿ, ನಾಲ್ಕು ಉಪನ್ಯಾಸಗಳನ್ನು ಹೇಳಿಸಿ, ಕಡೆಯಲ್ಲಿ ಒಂದು ಪ್ರಶಸ್ತಿಪತ್ರವನ್ನು ಕೈಗಿತ್ತರೆ ಕೆಲಸ ಮುಗಿಯಿತೆಂದು ಅನೇಕರು ತಿಳಿದಿರುತ್ತಾರೆ. ದಡದ ಮೇಲೆ ಕುಳಿತು ಈಜು ಕಲಿತವರು ಎಲ್ಲಿಯಾದರೂ ಉಂಟೇ?

ಇದಕ್ಕೆ ಬೇರೆಯಾದ ಒಂದು ಮಾರ್ಗವು ಕೆಲವು ಕ್ರೈಸ್ತ ಸಮಾಜಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪಟ್ಟಣಗಳಿಂದ ಬಹುದೂರದಲ್ಲಿರುವ ಧ್ಯಾನನಿವಾಸಗಳು, ಅಂದರೆ ಪ್ರಾರ್ಥನೆಗೂ ವಿಶ್ರಾಂತಿಗೂ ಜನರು ಬಂದು ತಂಗುವ ಸ್ಥಳಗಳು, ಬೇಸಿಗೆಯ ರಜೆಯಲ್ಲಿ ಯುವಕಯುವತಿಯರನ್ನು ತಮ್ಮಲ್ಲಿಗೆ ಕರೆದು, ಕೆಲವು ವಾರಗಳವರೆಗೆ ಇರಿಸಿಕೊಂಡು, ಅಲ್ಲಿಯ ನಿತ್ಯದ ಕೆಲಸದಲ್ಲಿ ಪಾಲುಗೊಡುತ್ತವೆ. ಈಗ ಇದನ್ನು ಇಂಟರ್ನ್‌ಷಿಪ್ ಎಂದು ಕರೆಯುತ್ತಾರೆ. ನಮ್ಮ ಶಾಲೆಯಂಥ ಶಾಲೆಗಳಲ್ಲಿ ಓದಿದ ಹುಡುಗಿಯರಿಗೆ ಇಂಥಾ ಒಂದು ಬೇಸಿಗೆಯು ದೊರೆತರೆ ತಾಯ್ತಂದೆಗಳು ಒಪ್ಪಬೇಕೋ ಬೇಡವೋ ಎಂಬುದೇ ಈ ಲೇಖನದ ವಿಷಯ. ಕೆಲವು ಷರತ್ತುಗಳೊಡನೆ ಒಪ್ಪಬೇಕೆಂಬುದೇ ನಮ್ಮ ಅಭಿಪ್ರಾಯ.

ದೂರದ ಒಂದು ನಿದರ್ಶನವನ್ನು ಮೊದಲು ನೋಡೋಣ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಕ್ಯಾಸ್ಕೇಡ್ ಪರ್ವತಗಳ ನಡುವೆ ಹೋಲ್ಡನ್ ಎಂಬ ಹಳ್ಳಿಯಿದೆ. ಹೊರಗಿನ ಯಾವ ರಸ್ತೆಯೂ ಅದನ್ನು ಮುಟ್ಟುವುದಿಲ್ಲ. ಸುಮಾರು 50 ಮೈಲಿ ಉದ್ದವಾದ ಶೆಲಾನ್ ಸರೋವರವನ್ನು ದೋಣಿಯಲ್ಲಿ ಹಾದು, ಲೂಸರ್ನ್ ಎಂಬಲ್ಲಿ ಇಳಿದು, ಅಲ್ಲಿಂದ ಸುತ್ತುಸುತ್ತಾದ ಬೆಟ್ಟದ ದಾರಿಯನ್ನು ಏರಿ ಹೋಗಬೇಕು. ಅದು ಹುಟ್ಟಿದ್ದು ದೇವಾರಾಧನೆಗಾಗಿ ಅಲ್ಲ, ತಾಮ್ರಕ್ಕಾಗಿ. ಹೌ ಸೌಂಡ್ ಎಂಬ ಕಂಪೆನಿಯು 1938ರಿಂದ 1957ರ ವರೆಗೆ ಅಲ್ಲಿ ಗಣಿಯನ್ನು ನಡೆಸಿ, ಕೂಲಿಗಾರರಿಗಾಗಿ ಭೋಜನಶಾಲೆಯನ್ನೂ ವಸತಿಗೃಹಗಳನ್ನೂ ಕಟ್ಟಿಸಿತ್ತು. ತಾಮ್ರದ ಧಾರಣೆ ಇಳಿಯಲು ಗಣಿಯು ಮುಚ್ಚಿತು, ಊರು ಬರಿದಾಯಿತು. ವೆಸ್ ಪ್ರೀಬ್ ಎಂಬವರು ಆ ಕಂಪೆನಿಗೆ ಮತ್ತೆ ಮತ್ತೆ ಪತ್ರ ಬರೆದು ಕೇಳಿಕೊಂಡದ್ದರ ಫಲವಾಗಿ 1960ರಲ್ಲಿ ಆ ಊರು ಲುಥೆರನ್ ಬೈಬಲ್ ಇನ್‌ಸ್ಟಿಟ್ಯೂಟಿನ ವಶಕ್ಕೆ ಬಂದು, ಮುಂದೆ ಧ್ಯಾನನಿವಾಸವಾಯಿತು. ಹಾಳುಬಿದ್ದ ಆ ಮನೆಗಳನ್ನು ಮೊದಲು ಗುಡಿಸಿ ಸರಿಪಡಿಸಿದವರು ಸಂಬಳದವರಲ್ಲ, ಸ್ವಯಂಸೇವಕರು.

ಅಲ್ಲಿಗೆ ಬೇಸಿಗೆಯ ಸೇವೆಗೆ ಬಂದ ಹುಡುಗಿಗೆ ಮೊದಲು ತಿಳಿಯತಕ್ಕ ಸಂಗತಿ ಏನೆಂದರೆ, ಕೆಲಸವನ್ನು ತಾನು ಬಿಟ್ಟರೆ ಮಾಡುವವರು ಬೇರೆ ಯಾರೂ ಇಲ್ಲವೆಂಬುದು. ದೀಪ ಉರಿಯುವುದು ಹತ್ತಿರದ ಹೊಳೆಯ ನೀರಿನಿಂದ ತೆಗೆದ ವಿದ್ಯುತ್ತಿನಿಂದ. ಅದನ್ನು ಲೆಕ್ಕವಿಟ್ಟು ಬಳಸಬೇಕು. ಚಳಿಗೆ ಬೇಕಾದ ಸೌದೆಯನ್ನು ಸೀಳಿ ಒಟ್ಟಬೇಕು. ಹೊರಗಿನಿಂದ ಬಂದ ವಸ್ತುಗಳ ಕಸವನ್ನು ಬೇರೆಬೇರೆಯಾಗಿ ಆರಿಸಿ ಮರಳಿ ಸಾಗಿಸಬೇಕು. ಹಿತ್ತಲಲ್ಲಿ ಬಿಸಾಡಿ ಮರೆಯುವಂತಿಲ್ಲ. ಪಟ್ಟಣದಲ್ಲಿ ಒಂದು ಹೊತ್ತಿನ ಅಡಿಗೆ ಕೆಟ್ಟರೆ ಅಂಗಡಿಯುಂಟು; ಅಲ್ಲಿ ಅಂಗಡಿಯಿಲ್ಲ. ಬಸ್ಸು ಕೆಟ್ಟರೆ ದೋಣಿಯಿಂದ ಇಳಿದ ಅತಿಥಿಗಳು ದಡದಲ್ಲಿಯೇ ಉಳಿಯುತ್ತಾರೆ. ಹೀಗೆ ಪ್ರತಿಯೊಂದು ಸಣ್ಣ ಕೆಲಸಕ್ಕೂ ಅದರ ಫಲವು ಅಂಟಿಕೊಂಡೇ ಬರುವುದರಿಂದ, ಹೊಣೆಯೆಂದರೇನೆಂಬುದನ್ನು ಯಾರೂ ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ. ಸಾಯಂಕಾಲವಾದ ಮೇಲೆ ಎಲ್ಲರೂ ಆರಾಧನೆಗೆ ಕೂಡುತ್ತಾರೆ. ಸೌದೆ ಸೀಳಿದವರೂ ಉಪದೇಶ ಮಾಡಿದವರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಈಗ ಎಷ್ಟೋ ದೇಶಗಳ ಸಭೆಗಳಲ್ಲಿ ಹಾಡಲ್ಪಡುವ ಮಾರ್ಟಿ ಹಾಗನ್ನರ ‘ಹೋಲ್ಡನ್ ಈವ್ನಿಂಗ್ ಪ್ರೇಯರ್’ ಎಂಬ ಸಾಯಂಕಾಲದ ಆರಾಧನಾಕ್ರಮವು ಆ ಹಳ್ಳಿಯ ಚಳಿಗಾಲದಲ್ಲಿಯೇ ರಚಿತವಾದದ್ದು.

ಆ ಹಳ್ಳಿಯ ಚರಿತ್ರೆಯಿಂದ ಇನ್ನೂ ಎರಡು ಪಾಠಗಳಿವೆ. ಗಣಿಯವರು ಬಿಟ್ಟುಹೋದ ಅದುರಿನ ಕಸವು ಗುಡ್ಡಗಳಂತೆ ಹೊಳೆಯ ದಡದಲ್ಲಿ ಬಿದ್ದು, ಅದರಲ್ಲಿದ್ದ ಲೋಹದ ವಿಷವು ನೀರಿಗೆ ಇಳಿಯುತ್ತಿತ್ತು. ಅದನ್ನು ಶುದ್ಧಿಮಾಡುವ ಭಾರವು ಕಾನೂನಿನ ಪ್ರಕಾರ ರಿಯೋ ಟಿಂಟೊ ಎಂಬ ಕಂಪೆನಿಯ ಪಾಲಿಗೆ ಬಂತು. ಆ ಕಂಪೆನಿಯಾದರೋ ಆ ಗಣಿಯನ್ನು ತಾನಾಗಿ ಒಂದು ದಿನವೂ ನಡೆಸಿದ್ದಲ್ಲ. 2011ರ ಈಚಿನ ವರ್ಷಗಳಲ್ಲಿ ಆ ದೊಡ್ಡ ಕಾರ್ಯವು ನಡೆಯುವಾಗ ಹಳ್ಳಿಯವರು ಎಂದಿನಂತೆ ಅತಿಥಿಗಳನ್ನು ಬರಮಾಡಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಬೇರೆಯವರು ಮಾಡಿಟ್ಟ ಕೊಳೆಯನ್ನು ತೊಳೆಯಬೇಕಾದ ದಿನವೂ ಬರುತ್ತದೆಂಬುದು ಮೊದಲನೆಯ ಪಾಠ. ಬಳಿಕ 2015ರ ಬೇಸಿಗೆಯಲ್ಲಿ ವುಲ್ವರಿನ್ ಕಾಳ್ಗಿಚ್ಚು ಕಣಿವೆಯನ್ನು ಹೊಕ್ಕಾಗ ಹಳ್ಳಿಯನ್ನು ತೆರವು ಮಾಡಲಾಯಿತು. ಬೆಂಕಿ ಆರಿಸುವವರ ಶ್ರಮದಿಂದ ಕಟ್ಟಡಗಳು ಉಳಿದವು. ಅಂಥಾ ಹೊತ್ತಿನಲ್ಲಿ ಗಟ್ಟಿಯಾಗಿ ಮಾತಾಡಬಲ್ಲವನಿಗಿಂತಲೂ ಹೇಳಿದ ಕೆಲಸವನ್ನು ಹೇಳಿದ ವೇಳೆಗೆ ಮಾಡಬಲ್ಲವಳು ಹೆಚ್ಚಿನವಳೆಂಬುದು ಎರಡನೆಯ ಪಾಠ.

ಹೋಲ್ಡನ್ನಿನ ಗಣಿಯು ಕೆಲಸಕ್ಕೆ ತೊಡಗಿದ ಅದೇ 1938ರಲ್ಲಿ, ಸಮುದ್ರದಾಚೆಯ ಸ್ಕಾಟ್ಲೆಂಡಿನಲ್ಲಿ ಇಂಥದೇ ಮತ್ತೊಂದು ಕಾರ್ಯವು ಪ್ರಾರಂಭವಾಯಿತು. ಗ್ಲಾಸ್ಗೋ ನಗರದ ಗೋವನ್ ಎಂಬ ಭಾಗದಲ್ಲಿ ಸಭಾಪಾಲಕರಾಗಿದ್ದ ಜಾರ್ಜ್ ಮೆಕ್ಲೌಡರು ಕೆಲಸವಿಲ್ಲದೆ ಕಷ್ಟಪಡುತ್ತಿದ್ದ ಕುಶಲಕರ್ಮಿಗಳನ್ನೂ ಹೊಸದಾಗಿ ಸಭಾಸೇವೆಗೆ ಸೇರಲಿದ್ದ ತರುಣರನ್ನೂ ಅಯೋನ ಎಂಬ ಪುಟ್ಟ ದ್ವೀಪಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಹಾಳಾಗಿದ್ದ ಪುರಾತನ ಮಠದ ವಾಸಗೃಹಗಳನ್ನು ಮತ್ತೆ ಕಟ್ಟತೊಡಗಿದರು. ಕಲ್ಲುಕುಟಿಗನೂ ಬಡಗಿಯೂ ಗುರುಗಳು. ವೇದಶಾಸ್ತ್ರ ಓದಿದವರು ಅವರ ಕೈಕೆಳಗೆ ಕಲ್ಲು ಹೊರುವ ಆಳುಗಳು. ಕಟ್ಟಡವು ಮುಗಿದದ್ದು 1965ರಲ್ಲಿ. ನಾಳೆ ಪ್ರಸಂಗಪೀಠವನ್ನು ಏರತಕ್ಕವನು ಇಂದು ಕೂಲಿಯವನಿಂದ ಕಲಿಯಬೇಕೆಂಬ ಆ ಏರ್ಪಾಡಿನಲ್ಲಿ ಎಷ್ಟು ವಿವೇಕವಿದೆ!

ನಮ್ಮ ದೇಶಕ್ಕೂ ಇದು ಹೊಸದಲ್ಲ. ಸ್ಟ್ಯಾನ್ಲಿ ಜೋನ್ಸ್ ದೊರೆಗಳು 1930ರಲ್ಲಿ ಕುಮಾವು ಬೆಟ್ಟಗಳ ಸಾತ್‌ತಾಲದಲ್ಲಿ ಸ್ಥಾಪಿಸಿದ ಕ್ರೈಸ್ತ ಆಶ್ರಮದಲ್ಲಿ ವಾರಕ್ಕೊಂದು ದಿನ ಸೇವಕರಿಗೆ ಬಿಡುವು ಕೊಟ್ಟು, ಅವರ ಕೆಲಸವನ್ನೆಲ್ಲಾ ಆಶ್ರಮವಾಸಿಗಳೇ ಹಂಚಿಕೊಂಡು ಮಾಡುವ ಪದ್ಧತಿಯಿತ್ತು. ಜಾಡಮಾಲಿಯ ಕೆಲಸವೂ ಅದರಲ್ಲಿ ಸೇರಿತ್ತು. ಜಾತಿಯ ಅಭಿಮಾನವು ಪುಸ್ತಕದಿಂದ ಹೋಗದೆ ಇದ್ದರೂ ಪೊರಕೆಯಿಂದ ಹೋದೀತೆಂಬ ನಂಬಿಕೆ ಅದರ ಹಿಂದಿತ್ತು. ಶಿಷ್ಯರ ಪಾದಗಳನ್ನು ತೊಳೆದ ಗುರುವನ್ನು ಹಿಂಬಾಲಿಸುವೆವೆಂದು ಹೇಳುವವರಿಗೆ ಇದಕ್ಕಿಂತ ಸಹಜವಾದ ಪದ್ಧತಿ ಮತ್ತಾವುದು?

ಇಷ್ಟನ್ನು ಕೇಳಿದ ತಾಯಂದಿರಲ್ಲಿ ಯಾರಾದರೂ ನಕ್ಕು ಹೀಗೆ ಹೇಳಬಹುದು: “ಪಾತ್ರೆ ತೊಳೆಯುವುದನ್ನೂ ನೆಲ ಗುಡಿಸುವುದನ್ನೂ ಕಲಿಸಲು ನಮ್ಮ ಹುಡುಗಿಯರನ್ನು ಬೆಟ್ಟದಾಚೆಗೆ ಕಳುಹಿಸಬೇಕೇ? ಮನೆಯಲ್ಲಿ ಅದಕ್ಕೇನು ಕೊರತೆ?” ಈ ಮಾತಿನಲ್ಲಿ ಸತ್ಯವಿದೆ. ಈ ಲೇಖನದ ಮುಖ್ಯ ಸಂಗತಿಯೂ ಇಲ್ಲಿಯೇ ಇದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಸೇವೆಯನ್ನು ಚಿಕ್ಕಂದಿನಿಂದಲೇ ಕಲಿಯುತ್ತಾರೆ, ಅಧಿಕಾರವನ್ನು ಕಲಿಯುವುದಿಲ್ಲ. ಗಂಡುಮಕ್ಕಳು ಅಧಿಕಾರವನ್ನು ಚಿಕ್ಕಂದಿನಿಂದಲೇ ಕಲಿಯುತ್ತಾರೆ; ಸೇವೆಯನ್ನು ಕಲಿಯುವುದಿಲ್ಲ. ಒಬ್ಬಳು ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಯಲ್ಲಿ ಉಣ್ಣುತ್ತಾಳೆ, ಆದರೆ ಮನೆಯ ವಿಚಾರ ಬಂದಾಗ ಆಕೆಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಮತ್ತೊಬ್ಬನು ಕುಡಿದ ಲೋಟವನ್ನು ಎತ್ತಿಡದಿದ್ದರೂ ಮನೆಯ ತೀರ್ಮಾನಕ್ಕೆ ಅವನ ಮಾತು ಬೇಕು. ಅಧಿಕಾರವಿಲ್ಲದ ಸೇವೆ ದಾಸ್ಯ. ಸೇವೆಯಿಲ್ಲದ ಅಧಿಕಾರ ದರ್ಪ. ಇವೆರಡೂ ಒಂದೇ ಕೈಯಲ್ಲಿ ಕೂಡಿದಾಗ ಮಾತ್ರ ನಾಯಕತ್ವವೆಂಬ ಹೆಸರು ಸಲ್ಲುತ್ತದೆ.

ಒಳ್ಳೆಯ ಧ್ಯಾನನಿವಾಸದಲ್ಲಿ ನಡೆಯಬೇಕಾದದ್ದು ಈ ಕೂಡಿಕೆಯೇ. ಅಲ್ಲಿ ಪಾತ್ರೆ ತೊಳೆಯುವ ಸರದಿಯು ಹುಡುಗನಿಗೂ ಹುಡುಗಿಗೂ, ಬೋಧಕನಿಗೂ ಅತಿಥಿಗೂ ಸಮವಾಗಿ ಬರಬೇಕು. ಕೆಲಸ ಮುಗಿದ ಮೇಲೆ ಅದೇ ಹುಡುಗಿಯು ಸಭೆಯಲ್ಲಿ ಕುಳಿತು, ನಾಳೆಯ ಕೆಲಸವನ್ನು ಹೇಗೆ ಹಂಚಬೇಕೆಂಬುದರಲ್ಲಿ ತನ್ನ ಮಾತನ್ನು ಹೇಳಬೇಕು. ಆ ಮಾತಿಗೆ ಬೆಲೆಯಿರಬೇಕು. ಚಿಕ್ಕ ಮಕ್ಕಳ ಒಂದು ಗುಂಪನ್ನೋ, ಒಂದು ಸಾಯಂಕಾಲದ ಆರಾಧನೆಯನ್ನೋ, ಬೆಟ್ಟ ಹತ್ತುವವರ ಒಂದು ತಂಡವನ್ನೋ ಆಕೆಯ ವಶಕ್ಕೆ ಪೂರ್ತಿಯಾಗಿ ಒಪ್ಪಿಸಬೇಕು. ಹಿರಿಯರು ಹತ್ತಿರವಿರಲಿ, ಆದರೆ ಕೈಹಾಕದಿರಲಿ. ಹದಿನೇಳು ವರ್ಷದ ಹುಡುಗಿಗೆ “ಇದು ನಿನ್ನದು, ನೀನೇ ನೋಡಿಕೊ” ಎಂದು ಹೇಳುವ ಸ್ಥಳಗಳು ನಮ್ಮ ಸಮಾಜದಲ್ಲಿ ಎಷ್ಟಿವೆ?

ಇನ್ನು ಷರತ್ತುಗಳ ಮಾತು. ಏಕಾಂತವು ಗುಣವೂ ಹೌದು, ಅಪಾಯವೂ ಹೌದು. ಮೊಬೈಲು ಫೋನಿನ ಸಂಪರ್ಕ ಸಿಗದ ಕಣಿವೆಯಲ್ಲಿ ಮನಸ್ಸಿಗೆ ಶಾಂತಿ ದೊರೆಯುತ್ತದೆ. ಆದರೆ ಅದೇ ಕಣಿವೆಯಲ್ಲಿ ಅನ್ಯಾಯಕ್ಕೊಳಗಾದವಳ ಕೂಗೂ ಹೊರಗೆ ಕೇಳಿಸುವುದಿಲ್ಲ. ದೇವರ ಹೆಸರಿನಲ್ಲಿ ಮಾತಾಡುವ ಹಿರಿಯರಿಗೆ ಎಳೆಯರ ಮೇಲೆ ಇರುವ ಬಲವು ಸಾಧಾರಣವಾದದ್ದಲ್ಲ. ದೂರದ ಸ್ಥಳದಲ್ಲಿ ಅದು ಇನ್ನೂ ಹೆಚ್ಚು. ಆದುದರಿಂದ ಕಳುಹಿಸುವ ಮೊದಲು ತಾಯ್ತಂದೆಗಳು ಸಂಕೋಚಪಡದೆ ವಿಚಾರಿಸತಕ್ಕದ್ದು. ಮಕ್ಕಳ ರಕ್ಷಣೆಗೆ ಬರೆದಿಟ್ಟ ನಿಯಮಗಳಿವೆಯೇ? ಹುಡುಗಿಯರ ವಸತಿಯ ಜವಾಬ್ದಾರಿಯು ಯಾವ ಸ್ತ್ರೀಯದು? ದೂರನ್ನು ಹೇಳಬೇಕಾದರೆ ಆ ಸ್ಥಳಕ್ಕೆ ಸೇರದ ಯಾರಿಗೆ ಹೇಳಬಹುದು? ಕಾಯಿಲೆಯಾದರೆ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ? ನಡುವೆ ಬಿಟ್ಟುಬರಬೇಕೆನಿಸಿದರೆ ನಿಂದೆಯಿಲ್ಲದೆ ಬರಬಹುದೇ? ಇವುಗಳಿಗೆ ಪ್ರಸನ್ನಮುಖದಿಂದ ಉತ್ತರ ಕೊಡದ ಸ್ಥಳವು ಎಷ್ಟೇ ಪ್ರಾರ್ಥನಾಪರವಾಗಿ ತೋರಿದರೂ ಅಲ್ಲಿಗೆ ಕಳುಹಿಸಬಾರದು.

ಮತ್ತೊಂದು ಆಕ್ಷೇಪಣೆಯುಂಟು. ಈ ಸೇವೆಗೆ ಬಹುತರವಾಗಿ ಸಂಬಳವಿಲ್ಲ. ಊಟವೂ ವಸತಿಯೂ, ಕೆಲವು ಕಡೆ ಸಣ್ಣ ಭತ್ಯವೂ ಇರುತ್ತವೆ. ತರಬೇತಿಯೆಂಬ ಹೆಸರಿಟ್ಟು ಬಿಟ್ಟಿಯ ಆಳುಗಳನ್ನು ಮಾಡಿಕೊಂಡರೆಂಬ ದೂರು ಬಂದರೆ ಆಶ್ಚರ್ಯವಿಲ್ಲ. ಇದನ್ನು ಪರೀಕ್ಷಿಸಲು ಸುಲಭವಾದ ಒಂದು ಒರೆಗಲ್ಲುಂಟು: ಕಡೆಯ ವಾರದಲ್ಲಿ ಹುಡುಗಿಯ ಕೈಯಲ್ಲಿರುವ ಕೆಲಸವು ಮೊದಲ ವಾರದ ಕೆಲಸವೇ ಆಗಿದ್ದರೆ ಅದು ಆಳುತನ, ಮೊದಲಿಗಿಂತ ದೊಡ್ಡ ಹೊಣೆಯಾಗಿದ್ದರೆ ಅದು ಶಿಕ್ಷಣ. ಅದೂ ಅಲ್ಲದೆ, ಬೇಸಿಗೆಯ ರಜೆಯನ್ನು ಸಂಪಾದನೆಯಿಲ್ಲದೆ ಕಳೆಯಲು ಎಲ್ಲರಿಂದಲೂ ಆಗದು. ರಜೆ ಬಂದೊಡನೆ ಅಂಗಡಿಯಲ್ಲೋ ಹೊಲಿಗೆಯ ಯಂತ್ರದ ಮುಂದೆಯೋ ಕುಳಿತು ಮುಂದಿನ ವರ್ಷದ ಪುಸ್ತಕಗಳಿಗೆ ಹಣ ಕೂಡಿಸುವ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ನಾಯಕತ್ವದ ಬೇಸಿಗೆಯು ಉಳ್ಳವರ ಮಕ್ಕಳಿಗೆ ಮಾತ್ರ ಸಿಕ್ಕುವುದಾದರೆ, ಹಳೆಯ ದರ್ಪವನ್ನೇ ಹೊಸ ಬಟ್ಟೆಯಲ್ಲಿ ಕಟ್ಟಿಕೊಟ್ಟಂತಾಗುತ್ತದೆ.

ಇಲ್ಲಿಯೇ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹ. ಶಾಲೆಗೆ ಗಡಿಯಾರವನ್ನೂ ಬೀರುವನ್ನೂ ದಾನಮಾಡುವುದು ಒಳ್ಳೆಯದೇ. ಅದರ ಜೊತೆಗೆ, ವರ್ಷಕ್ಕೆ ಇಬ್ಬರು ಹುಡುಗಿಯರಿಗಾದರೂ ಇಂಥಾ ಒಂದು ಬೇಸಿಗೆಯ ಪ್ರಯಾಣದ ವೆಚ್ಚವನ್ನೂ, ಆ ವಾರಗಳಲ್ಲಿ ಅವರು ಮನೆಗೆ ತರಬಹುದಾಗಿದ್ದ ಸಂಪಾದನೆಯನ್ನೂ ತುಂಬಿಕೊಡುವ ಒಂದು ನಿಧಿಯನ್ನು ಕೂಡಿಸಬಾರದೇ? ಸಮುದ್ರ ದಾಟಬೇಕೆಂದೇನೂ ಇಲ್ಲ. ನಮ್ಮ ಸಭೆಗಳಿಗೆ ಸೇರಿದ ಧ್ಯಾನಕೇಂದ್ರಗಳು ನಮ್ಮ ನಾಡಿನಲ್ಲಿಯೂ ನೆರೆಯ ನಾಡುಗಳಲ್ಲಿಯೂ ಇವೆ. ಅವುಗಳ ಆಡಳಿತದವರೊಡನೆ ಮಾತಾಡಿ, ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲಾ ಕೇಳಿ, ಆರು ವಾರಗಳ ಒಂದು ಕ್ರಮವನ್ನು ಏರ್ಪಡಿಸುವುದು ಅಸಾಧ್ಯವಲ್ಲ. ಅಪ್ಪಂದಿರಲ್ಲಿಯೂ ಒಂದು ಮಾತು. ಮಗಳು ಹಿಂದಿರುಗಿದ ಮೇಲೆ ಆಕೆಗೆ ಹಿಂದಿನಂತೆ ಪಾತ್ರೆಗಳನ್ನು ಮಾತ್ರ ಒಪ್ಪಿಸಿ, ಲೆಕ್ಕದ ಪುಸ್ತಕವನ್ನು ತಮ್ಮಲ್ಲಿಯೇ ಇಟ್ಟುಕೊಂಡರೆ, ಬೆಟ್ಟದಲ್ಲಿ ಕಲಿತದ್ದು ಬೆಟ್ಟದಲ್ಲಿಯೇ ಉಳಿಯುತ್ತದೆ. ಮನೆಯ ಒಂದು ತೀರ್ಮಾನವನ್ನಾದರೂ ಆಕೆಯ ಕೈಗೆ ಬಿಡಿರಿ. ಆಕೆಯ ತಮ್ಮನ ಕೈಗೆ ಒಂದು ಪಾತ್ರೆಯನ್ನೂ ಕೊಡಿರಿ.